ಅಜ್ಜ ವಿನಯಕ್ಕೆ ಕೂತದ್ದಲ್ಲ

ಕೊಚ್ಚಿ, ಯಹೂದಿ ಬೀದಿ
12 ನವೆಂಬರ್ 1978, ಭಾನುವಾರ

ಪ್ರೀತಿಯ ನಹೂಮಣ್ಣಾ,

ನಿನ್ನ ಬೆನ್ನುನೋವು ಹೇಗಿದೆ? ಹೈಫಾದಲ್ಲಿ ಚಳಿ ಶುರುವಾಗಿರಬೇಕು, ಸ್ವೆಟರ್ ಹಾಕಿಕೊ. ಅಮ್ಮ ಆರಾಮಾಗಿದ್ದಾಳೆ. ಅಜ್ಜ ತೀರಿಹೋದ ದಿನದ ಪ್ರಾರ್ಥನೆಗೆ ನೀನು ಬರುತ್ತೀಯೆಂದು ಈಗಲೇ ವೈನಿಗೆ ಒಣದ್ರಾಕ್ಷಿ ನೆನೆಹಾಕಿದ್ದಾಳೆ. ನಾನು ಮಾತ್ರ ಆರಾಮಾಗಿಲ್ಲ. ಎದುರಿಗೆ ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತು. ಅದಕ್ಕೇ ಈ ಕಾಗದ.

ನಮ್ಮ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಅಜ್ಜನ ಹೆಸರಿನ ಕಲ್ಲು ಇಡುತ್ತಾರಂತೆ. ಮಂದಿರದ ಹಿರಿಯರಾದ ಯೋಂತೋಬ್ ಮಾವ ಹೋದ ವಾರ ಬಂದು, "ಎಂ.ಎ. ಮಾಡಿದ್ದೀಯಲ್ಲ ಮಗಾ, ನಾಲ್ಕು ಒಳ್ಳೆ ಮಾತು ಬರ್ಕೊಡು" ಅಂದರು. ಬರೆದೆ. ಈ ಬೀದಿಯಿಂದ ಮೊದಲು ಶಾಸನಸಭೆಗೆ ಹೋದ ವಕೀಲರು. ಬಂದರಿನ ಹಮಾಲರಿಗೆ ಸಂಘ ಕಟ್ಟಿದವರು. ಗುಲಾಮರ ಸಂತತಿಯೆಂದು ದೊಡ್ಡ ಮನೆತನಗಳವರು ನಮ್ಮವರನ್ನು ಮಂದಿರದ ಹೊರಕೋಣೆಯ ನೆಲದಲ್ಲಿ ಕೂರಿಸುತ್ತಿದ್ದಾಗ, ಎಲ್ಲರನ್ನೂ ಒಳಗೆ ಕರೆಯುವ ತನಕ ಅಲ್ಲೇ ಚಾಪೆ ಹಾಸಿ ಹಟ ಹಿಡಿದವರು.

ಇವತ್ತು ಬೆಳಿಗ್ಗೆ ಮಾವ ಅದನ್ನು ತಿದ್ದಿ ತಂದರು. ವಕೀಲರು ಉಳಿದಿದ್ದಾರೆ, ಹಮಾಲರೂ ಉಳಿದಿದ್ದಾರೆ. ಕೊನೆಯ ಸಾಲು ಹೀಗಾಗಿದೆ: "ದೊಡ್ಡ ಪದವಿಯಲ್ಲಿದ್ದರೂ ಪ್ರಾರ್ಥನೆಯಲ್ಲಿ ವಿನಯದಿಂದ ನೆಲದ ಮೇಲೆ ಕೂರುತ್ತಿದ್ದರು."

ವಿನಯ! ಅಣ್ಣಾ, ಶಾಸನಸಭೆಯಲ್ಲಿ ದಿವಾನರ ಎದುರು ಕುರ್ಚಿಯಲ್ಲಿ ಕೂತು ವಾದಿಸಿದವನನ್ನು ದೇವರ ಮನೆಯಲ್ಲಿ ನೆಲಕ್ಕೆ ತಳ್ಳಿದವರು ಈ ಮಾವನಂಥವರ ಅಪ್ಪಂದಿರು. ಪ್ರಾರ್ಥನೆಗೆ ಹತ್ತು ಗಂಡಸರು ಬೇಕೇಬೇಕು. ಒಂಬತ್ತೇ ಜನ ಬಂದ ದಿನವೂ ಹೊರಗಿದ್ದ ಅಜ್ಜನನ್ನು ಲೆಕ್ಕಕ್ಕೆ ಸೇರಿಸದೆ ಬಾಗಿಲು ಹಾಕಿಕೊಂಡು ಮನೆಗೆ ಹೋದವರು. "ಹೊರಕೋಣೇಲಿ ಕೂತವ್ನು ಲೆಕ್ಕಕ್ಕಿಲ್ಲ" ಅಂದದ್ದನ್ನು ಅಜ್ಜ ಅವರ ಮೂಗಿನ ದನಿಯಲ್ಲೇ ಅಣಕಿಸಿ ನಮ್ಮನ್ನು ನಗಿಸುತ್ತಿದ್ದ, ನೆನಪಿದೆಯಾ?

"ಮಾವ, ಇದು ಸುಳ್ಳು" ಅಂದೆ, ಅಷ್ಟೇ. "ಹಳೇ ಹುಣ್ಣು ಯಾಕೆ ಕೆರೀತೀಯ ಹುಡುಗಿ? ಉಳಿದಿರೋರೇ ಬೆರಳೆಣಿಕೆ ಜನ, ನಗ್ತಾ ಇರೋಣ" ಎಂದು ನಮ್ಮ ಮನೆಯ ಅಕ್ಕಿ ಅಪ್ಪವನ್ನೇ ಎರಡನೇ ಸಲ ಹಾಕಿಸಿಕೊಂಡರು. ಅಮ್ಮ ಬಡಿಸಿದಳು. ಅವರು ಹೋದ ಮೇಲೆ, "ನಿನ್ನಜ್ಜನ ಮೂತಿ ಹಾಗೇ ಬಂದಿದೆ ನಿಂಗೆ" ಎಂದು ಗೊಣಗಿ ಪಾತ್ರೆಗಳನ್ನು ಕುಕ್ಕಿದಳು. ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ.

ಅತ್ತಿಗೆಗೆ ನನ್ನ ನೆನಪು ಹೇಳು. ಮಗುವಿಗೆ ಅಮ್ಮನ ಆಶೀರ್ವಾದ, ನನ್ನದೊಂದು ಮುತ್ತು. ದಾರಿಯಲ್ಲಿ ದೇವರು ನಿನ್ನ ಜೊತೆಗಿರಲಿ.

ನಿನ್ನ ತಂಗಿ,
ಸಿಪ್ಪೋರಾ

ತಾ.ಕ.: ನಾಳೆ ಅಂಚೆಗೆ ಹಾಕುವ ಮುಂಚೆ ಇನ್ನೊಂದು ಮಾತು. ಬೀದಿಯಲ್ಲಿ ಈಗ ಉಳಿದಿರುವ ಗಂಡಸರು ಒಂಬತ್ತು, ಯೋಂತೋಬ್ ಮಾವನೂ ಸೇರಿ. ಹತ್ತನೆಯವನು ನೀನು. ಆ ದಿನ ಒಳಗೆ ಹೋಗಬೇಡ, ಹೊರಕೋಣೆಯಲ್ಲಿ ಕೂರು. ನನ್ನ ಸಾಲನ್ನು ನಾನು ಬರೆದ ಹಾಗೇ ಕೆತ್ತಿಸುತ್ತೇವೆಂದು ಅವರು ಹೇಳುವ ತನಕ ಏಳಬೇಡ. ಅಜ್ಜನ ಪ್ರಾರ್ಥನೆಯೇ ತಪ್ಪಿಹೋಗಬಹುದು. ಅಜ್ಜ ನಮ್ಮನ್ನು ಬೈಯುವುದಿಲ್ಲ. ನೀನು ಲೆಕ್ಕಕ್ಕಿದ್ದೀಯೋ ಇಲ್ಲವೋ ಅವರೇ ಹೇಳಲಿ. ಅಜ್ಜನ ಚಾಪೆ ಒಗೆದು ಒಣಗಿಸಿಟ್ಟಿದ್ದೇನೆ.