ತಂತಿ ಬಿಚ್ಚುವ ಮುನ್ನ

ಬೋರಗಾಂವ

ಹುಸೇನ ಚಾಚಾ ಅವರಿಗೆ ಸಲಾಂ.

ನಮ್ಮ ಮನೆಯವರ ಬೇಸ್ ಗಿಟಾರನ್ನು ರಿಪೇರಿಗೆ ಕಳಿಸಿದ್ದೇನೆ. ಅವರು ತೀರಿಕೊಂಡಾಗಿನಿಂದ ಗೋಡೆಗೇ ತೂಗುತ್ತಿತ್ತು. ತಂತಿಗಳ ಬಿಗಿಗೆ ಅದರ ಕುತ್ತಿಗೆ ಬಾಗಿದೆ. ಸಡಿಲ ಮಾಡಲು ಅತ್ತೆ ಬಿಡಲಿಲ್ಲ. ಪಕ್ಕದ ಮನೆಯ ಪವರ್‌ಲೂಮ್ ಶುರುವಾದರೆ ತಂತಿಗಳು ತಾವಾಗಿಯೇ ಗುಂಯ್‌ಗುಡುತ್ತಿದ್ದವು. ಅತ್ತೆ ಕಣ್ಣು ಮುಚ್ಚಿ, “ನನ್ನ ಆಸಿಫ ಬಾರಸಾಕತ್ತಾನ, ಸುಮ್ನ ಕುಂದರ್ರಿ,” ಅನ್ನುತ್ತಿದ್ದರು. ನಾವು ಕುಳಿತು ಕೇಳುತ್ತಿದ್ದೆವು.

ಈಗ ಮಗಳು ಮೆಹೆಕ ಬಾರಿಸಲು ಕಲಿಯುತ್ತಾಳಂತೆ. ಅತ್ತೆಯೂ ಒಪ್ಪಿದ್ದಾರೆ. ಕುತ್ತಿಗೆ ನೆಟ್ಟಗೆ ಮಾಡಿಕೊಡಿರಿ. ಅದಕ್ಕೆ ತಂತಿ ಬಿಚ್ಚಲೇಬೇಕೆಂದು ಗೊತ್ತು. ಬಿಚ್ಚುವ ಮುನ್ನ ನಾಲ್ಕನ್ನೂ ಒಮ್ಮೆ ಮೀಟಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿರಿ. ಶ್ರುತಿ ಇಳಿದಿರಬಹುದು, ಸರಿ ಮಾಡಬೇಡಿರಿ. ಕೊನೆಯ ಸಲ ಬಿರಡೆ ತಿರುಗಿಸಿದ್ದು ನಮ್ಮ ಮನೆಯವರ ಕೈ.

ಇಂತಿ,
ಕಹಕಶಾ