ಏಳಕ್ಕೆ ತಿರುಗಿಸಿದ ನೀಲಿ ಗುಂಡಿ

ನೇರ ಪ್ರಸಾರ ತಂತ್ರಾಂಶದ ಹೊಂದಾಣಿಕೆ ವಿಭಾಗದ ಮುಖ್ಯಸ್ಥರೇ,

ನೀವು ನಮ್ಮ ಚಿಕ್ಕಮ್ಮನ ಬಾಯಿ ಮುಚ್ಚಿಸಿದ್ದೀರಿ. ಮೂವತ್ತು ವರ್ಷ ಮೇಷ್ಟರಗಿರಿ ಮಾಡಿದ ಹೆಂಗಸು ಅವಳು. ಗದ್ದಲದ ತರಗತಿಗಳಿಂದ ಆಗದ ಈ ಕೆಲಸವನ್ನು ನೀವು ಒಂದೇ ಅಪ್‌ಡೇಟಿನಲ್ಲಿ ಸಾಧಿಸಿದಿರಿ. ಅಭಿನಂದನೆಗಳು.

ಕಣ್ಣು ಕಾಣದ ಕೇಳುಗರಿಗಾಗಿ ಚಿಕ್ಕಮ್ಮ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಂದಿನ ಪತ್ರಿಕೆಯನ್ನು ಮೊದಲ ಪುಟದಿಂದ ವಾಚಕರ ಪತ್ರಗಳವರೆಗೆ ನೇರ ಪ್ರಸಾರದಲ್ಲಿ ಓದುತ್ತಾಳೆ. ಸ್ಟುಡಿಯೊ ಎಂದರೆ ಅವಳ ಹೊಲಿಗೆ ಕೋಣೆ. ಮೈಕು ಹೊಲಿಗೆ ಯಂತ್ರದ ಮೇಲೆ, ಬಾಗಿಲಿಗೆ ಹಳೆಯ ಕಂಬಳಿ, ತಂತ್ರಜ್ಞ ನಾನು. ಒಂಬತ್ತು ವರ್ಷದ ಹಿಂದೆ ಧ್ವನಿಮುದ್ರಣದಲ್ಲಿ ತನ್ನ ಧ್ವನಿಯನ್ನು ಮೊದಲ ಸಲ ಕೇಳಿದಾಗ ಅವಳು ಕಿವಿ ಮುಚ್ಚಿಕೊಂಡಳು. "ಅಯ್ಯೋ, ಇದು ನನ್ನ ದನಿನಾ? ಕಾಗೆ ಕೂಗಿದ ಹಾಗಿದೆಯಲ್ಲೋ! ನಾನು ಓದಲ್ಲಪ್ಪ." ಆಗ ನಾನು ನಿಮ್ಮ ತಂತ್ರಾಂಶಕ್ಕೆ ಒಂದು ಪ್ಲಗಿನ್ ಜೋಡಿಸಿದೆ. ಧ್ವನಿ ತಿದ್ದುವ ಪುಟ್ಟ ಉಪಕರಣ, ಪರದೆಯ ಮೇಲೆ ದೊಡ್ಡದೊಂದು ನೀಲಿ ಗುಂಡಿ. ಅದನ್ನು ಏಳಕ್ಕೆ ತಿರುಗಿಸಿದೆ. ಹೆಡ್‌ಫೋನ್ ಹಾಕಿಕೊಂಡ ಚಿಕ್ಕಮ್ಮನ ಮುಖ ಅರಳಿತು. "ಹಾಂ, ಈಗ ಮನುಷ್ಯರ ದನಿ ಬಂತು ನೋಡು." ಅಂದಿನಿಂದ ಕನ್ನಡಕ ಏರಿಸಿ, ಪರದೆ ನೋಡಿ, "ಏಳಕ್ಕಿದೆಯಾ?" ಎಂದು ಕೇಳದೆ ಅವಳು ಓದಲು ಶುರು ಮಾಡಿದ್ದೇ ಇಲ್ಲ.

ಈಗ ನಿಮ್ಮ ಹೊಸ ಆವೃತ್ತಿ ಬಂದಿದೆ. ಗುಂಡಿಯಿದ್ದ ಜಾಗದಲ್ಲಿ ಬೂದು ಚೌಕ, ಅದರೊಳಗೆ ನಿಮ್ಮ ಆಜ್ಞೆ: "ಈ ಮಾದರಿಯ ಪ್ಲಗಿನ್‌ಗಳಿಗೆ ಇನ್ನು ಬೆಂಬಲವಿಲ್ಲ." ಹಳೆಯ ಮಾದರಿ ಅಸುರಕ್ಷಿತವಂತೆ. ಎಲ್ಲೋ ಯಾವುದೋ ಪ್ಲಗಿನ್ ಯಾರದೋ ಕಂಪ್ಯೂಟರ್ ಕೆಡಿಸಿದ್ದಕ್ಕೆ ನಮ್ಮ ಗುಂಡಿಗೆ ಗಡೀಪಾರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ವಿದ್ಯೆಯನ್ನು ನಿಮ್ಮ ವಿಭಾಗದಲ್ಲಿ ಪ್ರತ್ಯೇಕವಾಗಿ ಕಲಿಸುತ್ತೀರಾ? ಹಳೆಯ ಆವೃತ್ತಿಗೆ ಮರಳೋಣವೆಂದರೆ ನಿಮ್ಮ ಸರ್ವರ್ ಅದರ ಪ್ರಸಾರವನ್ನು ಮುಟ್ಟುವುದಿಲ್ಲ. ಪ್ಲಗಿನ್ ಬರೆದ ಪುಣ್ಯಾತ್ಮ ಅಂಗಡಿ ಮುಚ್ಚಿ ವರ್ಷಗಳಾದವು. ಕೊನೆಗೆ ನಾನು ಹಳೆಯ ಗುಂಡಿಯ ಚಿತ್ರವನ್ನೇ ಪರದೆಗೆ ಅಂಟಿಸಿದೆ. ಚಿಕ್ಕಮ್ಮ ಅದನ್ನು ದಿಟ್ಟಿಸಿ, "ಎಲ್ಲಿ, ಆರಕ್ಕೆ ತಿರುಗಿಸು ನೋಡೋಣ" ಎಂದಳು. ಮೇಷ್ಟರ ಕಣ್ಣು ತಪ್ಪಿಸುವುದುಂಟೆ?

ಗುಂಡಿಯಿಲ್ಲದೆ ಓದಲ್ಲ ಎಂದು ಅವಳು ಹಟ ಹಿಡಿದು ಮೂರು ಭಾನುವಾರಗಳಾದವು. ಫೋನ್ ಮಾಡಿದವರಿಗೆಲ್ಲ ಚಿಕ್ಕಮ್ಮನಿಗೆ ಗಂಟಲು ನೋವು ಎಂದು ಸುಳ್ಳು ಹೇಳುತ್ತಿದ್ದೇನೆ. ಅವರಲ್ಲೊಬ್ಬರು, ಹಿಂದೆ ಪಿಯಾನೊ ಶ್ರುತಿ ಮಾಡುತ್ತಿದ್ದ ಹಿರಿಯರು, "ಅವರು ಓದದೆ ಇದ್ರೆ ನನಗೆ ಭಾನುವಾರ ಬಂದಿದ್ದೇ ಗೊತ್ತಾಗಲ್ಲಪ್ಪ" ಎಂದರು. ನನಗೆ ನಿಜಕ್ಕೂ ನಾಚಿಕೆಯಾಯಿತು.

ನಿಮ್ಮ ಸಹಾಯ ಕೇಂದ್ರಕ್ಕೆ ನಾಲ್ಕು ಸಲ ಬರೆದೆ. "ಸದರಿ ಪ್ಲಗಿನ್ ಧ್ವನಿಯ ಮೇಲೆ ಉಂಟುಮಾಡುತ್ತಿದ್ದ ಪರಿಣಾಮವನ್ನು ವಿವರಿಸಿ" ಎಂದು ಉತ್ತರ ಬಂತು. ಮಾನ್ಯರೇ, ಅದನ್ನು ವಿವರಿಸುವುದು ಕಷ್ಟ. ಏಕೆಂದರೆ ಪರಿಣಾಮ ಸೊನ್ನೆ. ಜೋಡಿಸಿದ ದಿನವೇ ಅವಸರದಲ್ಲಿ ಬೈಪಾಸ್ ಒತ್ತಿಬಿಟ್ಟಿದ್ದೆ. ಅಂದರೆ ಚಿಕ್ಕಮ್ಮನ ಧ್ವನಿ ಆ ಪ್ಲಗಿನ್ನಿನ ಹೊಸ್ತಿಲನ್ನೂ ತುಳಿಯದೆ ಪಕ್ಕದಿಂದ ನೇರ ಹೊರಗೆ ಹೋಗುತ್ತಿತ್ತು. ನನಗೆ ಅದು ಗೊತ್ತಾದದ್ದು ಎರಡು ತಿಂಗಳ ನಂತರ. ಅಲ್ಲಿಯವರೆಗೆ ಪರಿಣತ ಕಿವಿಯ ನಾನೂ "ಆಹಾ, ಏಳೇ ಸರಿ, ಆರು ಸ್ವಲ್ಪ ಸಪ್ಪೆ" ಎಂದು ತಲೆದೂಗಿದ್ದೆ! ಆಮೇಲೆ ಹೇಳಲು ಧೈರ್ಯ ಬರಲಿಲ್ಲ. ಹೇಳಿದರೆ ಅವಳು ಮತ್ತೆ ಕಾಗೆಯ ಮಾತೆತ್ತಿ ಎದ್ದು ಹೋಗುತ್ತಾಳೆಂಬ ಭಯ.

ಆದ್ದರಿಂದ ನನ್ನ ಬೇಡಿಕೆ ಸರಳ: ಏನೂ ಮಾಡದ ನಮ್ಮ ಗುಂಡಿಗೆ ಬೆಂಬಲ ಮರಳಿಸಿ. ಏನೂ ಮಾಡದವರನ್ನು ಜಾಗದಲ್ಲಿ ಉಳಿಸಿಕೊಳ್ಳುವುದು ಯಾವ ಕಚೇರಿಗೂ ಹೊಸದೇನಲ್ಲವಲ್ಲ?

ಅದೂ ನಿಮ್ಮಿಂದಾಗದಿದ್ದರೆ ಇರಲಿ. ಈ ಪತ್ರವನ್ನು ಚಿಕ್ಕಮ್ಮ ಓದುವ ಪತ್ರಿಕೆಯ ವಾಚಕರ ಪತ್ರಗಳ ಅಂಕಣಕ್ಕೂ ಕಳಿಸಿದ್ದೇನೆ. ಪ್ರಸಾರವಿರಲಿ ಬಿಡಲಿ, ಚಿಕ್ಕಮ್ಮ ಅದನ್ನು ಓದದೆ ಪತ್ರಿಕೆ ಮಡಚುವವಳಲ್ಲ. ಚಿಕ್ಕಮ್ಮಾ, ಇಲ್ಲಿಯವರೆಗೆ ಬಂದಿದ್ದರೆ ಕೇಳು. ಒಂಬತ್ತು ವರ್ಷ ಅಷ್ಟು ಜನ ಕಾದು ಕೂತು ಕೇಳಿದ್ದು ನಿನ್ನದೇ ದನಿ, ನಾನು ಅದಕ್ಕೆ ಒಂದು ಚೂರೂ ಏನೂ ಬೆರೆಸಿಲ್ಲ. ನನ್ನ ಕಿವಿ ಹಿಂಡುವುದಿದ್ದರೆ ಭಾನುವಾರ ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದು ಹಿಂಡು. ಒಂಬತ್ತಕ್ಕೆ ಸರಿಯಾಗಿ ಮೈಕು ಆನ್ ಮಾಡುತ್ತೇನೆ.

ಇಂತಿ,
ಈಗಿನಿಂದಲೇ ಕಿವಿ ಸವರಿಕೊಳ್ಳುತ್ತಿರುವ
ಅಕ್ಕನ ಮಗ