ನಿಮ್ಮ ನೋವಿಗೆ ಅವರು ಹಾಕಿದ ಕೋಡ್

ಪ್ರೀತಿಯ ಮೂಸಾಕ,

ಕಳೆದ ರಂಜಾನಿನಲ್ಲಿ ಪುತ್ತೂರಿನ ಆಸ್ಪತ್ರೆಯೊಂದು ನಿಮ್ಮನ್ನು ಕುಡುಕನೆಂದು ದಾಖಲಿಸಿತು. ನೀವು ಅದನ್ನು ತಿಳಿಯದೆಯೇ ತೀರಿಹೋದಿರಿ. ಅರಂತೋಡಿನ ನಿಮ್ಮ ಅಂಗಡಿಯ ಬೆಂಚಿನಲ್ಲಿ ವರ್ಷಗಟ್ಟಲೆ ಪುಕ್ಕಟೆ ಪೇಪರ್ ಓದಿದ ನಾನೇ ತಿಳಿಸಬೇಕಾಯಿತು.

ಆ ಸಂಜೆ ನೆನಪಿದೆಯಾ? ಉಪವಾಸ ಬಿಟ್ಟು ಖರ್ಜೂರ ತಿಂದವರೇ ಹೊಟ್ಟೆಯ ಮೇಲ್ಭಾಗ ಹಿಡಿದು ಕೂತಿರಿ. ನಾನೇ ಕರೆದುಕೊಂಡು ಹೋದೆ. ಕುಡಿಯುವ ಅಭ್ಯಾಸ ಉಂಟಾ ಎಂದು ಡಾಕ್ಟರು ಕೇಳಿದಾಗ ಆ ನೋವಿನಲ್ಲೂ, "ನನಗಿಲ್ಲ ಡಾಕ್ಟ್ರೆ, ಈ ಮಾಸ್ಟ್ರನ್ನು ಕೇಳಿ" ಎಂದಿರಿ. ಅವರೂ ನಕ್ಕರು. ಹೊಟ್ಟೆನೋವು, ಕಾರಣ ತಿಳಿದಿಲ್ಲ, ಕುಡಿತವಿಲ್ಲ ಎಂದೇ ಬರೆದರು. ನಾನು ಕಣ್ಣಾರೆ ಕಂಡಿದ್ದೇನೆ.

ನೀವು ಹೋದ ಮೇಲೆ ವಿಮೆಯವರ ಕಾಗದ ಬಂತು. ಕುಡಿತದಿಂದಾದ ಜಠರದ ಉರಿಯೂತಕ್ಕೆ ಹಣ ಕೊಡುವುದಿಲ್ಲವಂತೆ. ಆಸ್ಪತ್ರೆ ಬಿಲ್ಲಿನಲ್ಲಿ ರೋಗದ ಹೆಸರಿನ ಬದಲು ಹಾಕಿ ಕಳುಹಿಸಿದ ಕೋಡಿನ ಅರ್ಥ ಅದೇ ಅಂತೆ. ನಿಮ್ಮ ಮನೆಯಾಕೆ ಬೀಫಾತುಮ್ಮ ನನ್ನನ್ನು ಕರೆಸಿ, ಮೊಮ್ಮಕ್ಕಳನ್ನು ಹೊರಗೆ ಕಳುಹಿಸಿ, "ಮಾಸ್ಟ್ರೆ, ಹಣ ಬೇಡ. ಆ ಸಾಲು ತೆಗೆಸಿ ಕೊಡಿ" ಎಂದರು.

ಆಸ್ಪತ್ರೆಯ ಬಿಲ್ಲಿನ ಕೌಂಟರಿನವನು ಮೊದಲು ಟೈಪಿಂಗ್ ತಪ್ಪು ಎಂದ. ನಾನು ಏಳದೆ ಕೂತಾಗ ದನಿ ತಗ್ಗಿಸಿದ. "ಬರೀ ನೋವು ಅಂತ ಹಾಕಿದ್ರೆ ವಿಮೆಯಲ್ಲಿ ಪಾಸಾಗುದಿಲ್ಲ ಮಾರಾಯ್ರೆ. ಎಂತಾದ್ರೂ ಒಂದು ರೋಗ ಹಾಕ್ಬೇಕು." ಕಾರಣ ತಿಳಿಯದ ಹೊಟ್ಟೆನೋವಿಗೂ ಪ್ರತ್ಯೇಕ ಕೋಡ್ ಇದೆ, ಮೂಸಾಕ, ಹುಡುಕಿ ಓದಿದ್ದೇನೆ. ಡಾಕ್ಟರು ಕಾಣದ ರೋಗ ಕೌಂಟರಿಗೆ ಹೇಗೆ ಕಂಡಿತು? ಅಷ್ಟು ಬಗೆಯ ಉರಿಯೂತಗಳಿರುವಾಗ ವಿಮೆಯವರಿಗೆ ಕೈತೊಳೆದುಕೊಳ್ಳಲು ಅನುಕೂಲವಾದ ಅದೊಂದೇ ಹೇಗೆ ಸಿಕ್ಕಿತು?

ಹಿಂದೊಮ್ಮೆ ಅಲ್ಲಿಗೇ ಹೋಗಿದ್ದ ನನ್ನ ಚೀಟಿಯನ್ನೂ ತೆಗೆದು ನೋಡಿದೆ. ಆಗಾಗ ಗ್ಲಾಸು ಹಿಡಿಯುವ ನನಗೆ ಬರೀ ಅಜೀರ್ಣ. ನನಗೆ ವಿಮೆ ಇರಲಿಲ್ಲ ನೋಡಿ. ನೀವಾದರೆ ಬಿದ್ದು ಬಿದ್ದು ನಗುತ್ತಿದ್ದಿರಿ. ನನಗೆ ನಗು ಬರುತ್ತಿಲ್ಲ. ಗುತ್ತಿಗಾರಿನಿಂದ, ಕಡಬದಿಂದ ಹೊಟ್ಟೆ ಹಿಡಿದುಕೊಂಡು ಅಲ್ಲಿಗೆ ಹೋದ ಇನ್ನೆಷ್ಟು ಮಂದಿಗೆ ಎಂತೆಂಥ ರೋಗ ಅಂಟಿಸಿದ್ದಾರೋ.

ಕೊನೆಗೆ ಆಸ್ಪತ್ರೆಯವರು, ದೊಡ್ಡದು ಮಾಡಬೇಡಿ ಎಂದು ತಿದ್ದಿದ ಕಾಗದ ಕೈಗಿಟ್ಟರು. ಬೀಫಾತುಮ್ಮನಿಗೆ ಒಯ್ದು ಕೊಟ್ಟೆ. ಮಡಚಿ ಕುರ್‌ಆನಿನ ಕಪಾಟಿನಲ್ಲಿಟ್ಟು ತಿರುಗಿ ಕೇಳಿದರು: "ತೆಗೆದ್ರು, ಸರಿ. ಬರೆದದ್ದು ಯಾರಂತೆ?"

ಅದಕ್ಕೇ ಈ ಪತ್ರದ ಪ್ರತಿ ಆಸ್ಪತ್ರೆಗೂ ನಾವು ಓದುತ್ತಿದ್ದ ಪೇಪರಿಗೂ ಹೋಗುತ್ತಿದೆ. ಬರೆದವರು ಯಾರು, ಬರೆಯಲು ಹೇಳಿದವರು ಯಾರು? ಉತ್ತರ ನನ್ನ ಕಿವಿಯಲ್ಲಿ ಬೇಡ. ಆಸ್ಪತ್ರೆಯವರು ಅದೇ ಪೇಪರಿನಲ್ಲಿ, ಹೆಸರು ಹಾಕಿ, ಊರೆಲ್ಲ ಓದುವಂತೆ ಕೊಡಲಿ.